ಲೈವ್ ಇರ್ಲಿ, ಮನೆಗೂ ಬರ್ಲಿ

ನಮ್ಮತ್ತೆಗೆ ಈಗ 86. ಹೋದ ವರ್ಷ ಆಷಾಢದ ಮಳೇಲಿ ಬಚ್ಚಲುಮನೆ ಬಾಗಿಲ ಹತ್ರ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಹಾಸನದಲ್ಲಿ ಆಪರೇಷನ್ ಆಯ್ತು, ರಾಡ್ ಹಾಕಿದ್ರು. ಈಗ ವಾಕರ್ ಹಿಡ್ಕೊಂಡು ಮಂಚದಿಂದ ಜಗಲಿವರೆಗೆ ಬರ್ತಾರೆ, ಅದರಾಚೆ ಇಲ್ಲ. ನಮ್ಮನೆಯಿಂದ ಟಾರ್ ರಸ್ತೆ ಮುಟ್ಟೋಕೇ ಮುಕ್ಕಾಲು ಕಿಲೋಮೀಟರ್ ತೋಟದೊಳಗಿನ ಮಣ್ಣು ದಾರಿ. ಜೀಪಲ್ಲಿ ಕೂರಿಸ್ಕೊಂಡು ಹೋದ್ರೆ ಆ ಕುಲುಕಾಟಕ್ಕೆ ರಾಡೇ ಕಿತ್ತು ಬರುತ್ತೆ ಅಂತ ನಮ್ಮನೆಯವ್ರು ಹೆದ್ರುತಾರೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಚರ್ಚಲ್ಲಿ ಪೂಜೆ. ಇಲ್ಲಿ ಏಳಕ್ಕೇ ಅತ್ತೆ ಗಲಾಟೆ ಶುರು. "ಏ, ಆ ಫೋನ್ ಚಾರ್ಜಿಗೆ ಹಾಕಿದ್ಯೇನೇ? ಆಮೇಲೆ ಕರೆಂಟ್ ಹೋಯ್ತು ಅನ್ಬೇಡ." ಬಿಸಿನೀರಲ್ಲಿ ಮೈ ಒರೆಸಿ ಬೇರೆ ಸೀರೆ ಉಡಿಸ್ಬೇಕು, ತಲೆ ಮೇಲೆ ಸೆರಗು, ಕೈಲಿ ಜಪಸರ. ಫೋನನ್ನ ಸಕ್ಕರೆ ಡಬ್ಬಿಗೆ ಒರಗ್ಸಿ ಇಡ್ಬೇಕು, ಪಕ್ಕದಲ್ಲಿ ಒಂದು ಮೇಣದಬತ್ತಿ. ಚರ್ಚಿಗೂ ಫೋನಿಗೂ ಅರ್ಧ ನಿಮಿಷದ ಅಂತರ ಇರುತ್ತಲ್ಲ, ಅಲ್ಲಿ ಮುಗ್ದು ಹೋಗಿರೋ ಮಾತಿಗೆ ಇವ್ರು ಇಲ್ಲಿಂದ ಜೋರಾಗಿ ಉತ್ತರ ಕೊಡ್ತಿರ್ತಾರೆ. ಎದ್ದು ನಿಲ್ಲೋ ಹೊತ್ತಲ್ಲಿ ವಾಕರ್ ಹಿಡ್ಕೊಂಡು ಏಳಕ್ಕೆ ನೋಡ್ತಾರೆ. ಬ್ಯಾಡಿ ಅಂದ್ರೆ ನನ್ನ ಕಡೆ ಒಂದು ನೋಟ. ಸೊಸೆಯಾಗಿ 31 ವರ್ಷ ಆಯ್ತು, ಆ ನೋಟಕ್ಕೆ ಈಗ್ಲೂ ಬಾಯಿ ಮುಚ್ಕೊಂಡು ಸುಮ್ನಾಗ್ತೀನಿ.

ಇದನ್ನೆಲ್ಲ ಎಂತಕ್ಕೆ ಬರಿತಿದೀನಿ ಅಂದ್ರೆ, ಹೋದ ತಿಂಗಳು ನಮ್ಮ ಚರ್ಚಲ್ಲಿ ಸಭೆ ಆಯ್ತು. ಯೂಟ್ಯೂಬಲ್ಲಿ ಪೂಜೆ ಲೈವ್ ಬಿಡೋದನ್ನ ಮುಂದುವರ್ಸೋದೋ ನಿಲ್ಸೋದೋ ಅಂತ. ಹಿರಿಯರು ಒಂದಿಷ್ಟು ಜನ, ನಿಲ್ಸಿ, ಇದ್ರಿಂದ ಜನ ಮನೇಲೇ ಕೂತು ಸೋಮಾರಿಗಳಾಗಿದಾರೆ ಅಂದ್ರು. ಹುಡುಗ್ರು, ಮಾಡೋದಾದ್ರೆ ಸರಿಯಾಗಿ ಮಾಡಣ, ಎರಡು ಕ್ಯಾಮೆರಾ, ಹಬ್ಬಕ್ಕೆ ಡ್ರೋನ್, ಚರ್ಚಿನ ಹೆಸ್ರಲ್ಲಿ ದಿನಾ ಒಂದೊಂದು ಚಿಕ್ಕ ವಿಡಿಯೋ ಅಂದ್ರು. ಕೂಗಾಟ ಮಧ್ಯಾಹ್ನ ಒಂದೂವರೆವರೆಗೆ. ಹೆಂಗಸರು ನಾವು ಹದಿನೈದು ಜನ ಇದ್ವಿ. ಕಾಫಿ ಕೊಟ್ವಿ, ಲೋಟ ತೊಳೆದ್ವಿ, ಬಂದ್ವಿ. ಅಲ್ಲಿ ಹೇಳಕ್ಕಾಗದೇ ಇದ್ದದ್ದನ್ನ ಇಲ್ಲಿ ಹೇಳ್ತಿದೀನಿ. ಇದನ್ನ ಓದೋರಲ್ಲಿ ನಮ್ಮ ಜಾತಿ ಮತದವ್ರಲ್ಲದ ಅಕ್ಕಪಕ್ಕದ ಮನೆಯವ್ರೂ ಇದೀರ. ನಿಮ್ಮ ಕಡೇಲೂ ದೇವಸ್ಥಾನದ ಪೂಜೆ, ಮಠದ ಪ್ರವಚನ ಎಲ್ಲ ಫೋನಿಗೇ ಬರ್ತಿದೆ, ಹಂಗಾಗಿ ನಿಮ್ಗೂ ಸೇರಿದ್ದೇ ಮಾತು.

ಮೊದ್ಲು ಶುರುವಾಗಿದ್ದು ನೆನಪು ಮಾಡ್ಕೊಳಿ. 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂತ ಎಲ್ಲ ಬಾಗಿಲೂ ಬಿದ್ದವು. ನಮಗೆ ಅದು ತಪಸ್ಸುಕಾಲ, ನಲವತ್ತು ದಿನ ಉಪವಾಸ, ಶಿಲುಬೆ ಹಾದಿ ಮಾಡೋ ಹೊತ್ತು. ಮಾರ್ಚ್ 27ರ ರಾತ್ರಿ, ನಮ್ಮ ಲೆಕ್ಕದಲ್ಲಿ ಹತ್ತೂವರೆ ಆಗಿತ್ತು, ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಚೌಕದಲ್ಲಿ ಒಬ್ರೇ ನಡ್ಕೊಂಡು ಬಂದ್ರಲ್ಲ, ಮಳೆ ಬೀಳ್ತಿತ್ತು, ಅಷ್ಟು ದೊಡ್ಡ ಚೌಕ, ಒಂದು ನರಪಿಳ್ಳೆ ಇಲ್ಲ. ಮಗಳು ಫೋನಲ್ಲಿ ಹಾಕಿ ತೋರ್ಸಿದ್ಲು. ಅತ್ತೆ ಆಗ ಗಟ್ಟಿಮುಟ್ಟಾಗಿದ್ರು. "ಪಾಪ, ಛತ್ರಿ ಹಿಡಿಯೋರು ಒಬ್ರೂ ಇಲ್ವಾ" ಅಂದ್ರು. ಆಮೇಲೆ ಅಳಕ್ಕೆ ಶುರುಮಾಡಿದ್ರು. ಆ ವರ್ಷ ಏಪ್ರಿಲ್ 12ರ ಪಾಸ್ಖ ಹಬ್ಬದ ಪೂಜೇನ ನಾವು ನೋಡಿದ್ದು ಬೆಂಗಳೂರಿನ ಯಾವುದೋ ಚರ್ಚಿಂದ. ಮುಂದಿನ ಭಾನುವಾರ ಮಂಗಳೂರಿಂದ, ಅದರ ಮುಂದಿನದು ಮೈಸೂರಿಂದ. ಯಾರು ಚೆನ್ನಾಗಿ ಹಾಡ್ತಾರೆ, ಯಾರ ಪ್ರಬೋಧನೆ ಬೇಗ ಮುಗಿಯುತ್ತೆ ಅಂತ ಆರಿಸ್ಕೊಂಡು ನೋಡೋಕೆ ಶುರುಮಾಡಿದ್ವಿ. ತರಕಾರಿ ಸಂತೇಲಿ ಹೀರೇಕಾಯಿ ಆರಿಸ್ದಂಗೆ! ಜೂನ್ 8ರ ಮೇಲೆ ದೇವಸ್ಥಾನ, ಚರ್ಚು, ಮಸೀದಿ ತೆರೀಬಹುದು ಅಂತ ಸರ್ಕಾರ ಹೇಳ್ತು. ಆದ್ರೂ ವಯಸ್ಸಾದವ್ರು ಮನೇಲೇ ಇರಿ ಅಂತಿತ್ತಲ್ಲ, ಅತ್ತೆ ಚರ್ಚಿಗೆ ಕಾಲಿಟ್ಟಿದ್ದು ಬಹಳ ತಿಂಗಳಾದ ಮೇಲೆ.

ನಮ್ಮದೇ ಚರ್ಚಿನ ಲೈವ್ ಶುರುವಾಗಿದ್ದು ಅದೆಲ್ಲ ಮುಗ್ದು ಮೂರು ವರ್ಷಕ್ಕೆ. ಅದೂ ಸುಲಭಕ್ಕೆ ಆಗ್ಲಿಲ್ಲ. ಫೋನಿಂದ ಲೈವ್ ಬಿಡ್ಬೇಕಾದ್ರೆ ಆ ಚಾನೆಲ್ಲಿಗೆ 50 ಜನ ಸಬ್‌ಸ್ಕ್ರೈಬ್ ಆಗಿರ್ಬೇಕಂತೆ. ಪೂಜೆ ಮುಗಿದ್ಮೇಲೆ ಸಿಸ್ಟರ್ ಬಾಗಿಲಲ್ಲಿ ನಿಂತು ಒಬ್ಬೊಬ್ರ ಫೋನ್ ಇಸ್ಕೊಂಡು ಒತ್ತಿಸಿದ್ರು. ನನ್ನ ಓರಗಿತ್ತಿ ದುಡ್ಡು ಕಟ್ ಆಗುತ್ತೆ ಅಂತ ಫೋನೇ ಕೊಡ್ಲಿಲ್ಲ, ಸೆರಗಲ್ಲಿ ಮುಚ್ಚಿಟ್ಕೊಂಡ್ಲು. 50 ಆಯ್ತು, ಗರಿಗಳ ಭಾನುವಾರ ಬೆಳಿಗ್ಗೆ ಬಟನ್ ಒತ್ತಿದ್ರೆ, ಮೊದಲ ಸಲ ಆದ್ದರಿಂದ 24 ಗಂಟೆ ಕಾಯಿರಿ ಅಂತ ಬಂತು. ಹುಡುಗ್ರು ತಲೆ ಚಚ್ಚಿಕೊಂಡ್ರು. ಹೀಗಾಗಿ ಮೊದಲ ಲೈವ್ ಹೋಗಿದ್ದು ಪವಿತ್ರ ವಾರದ ಗುರುವಾರ. ಅವತ್ತು ಚಿತ್ರ ಬಂತು, ಶಬ್ದ ಬರ್ಲಿಲ್ಲ. ಹನ್ನೆರಡು ಜನರ ಕಾಲು ತೊಳಿಯೋದನ್ನ ಮೂಕಿ ಸಿನಿಮಾ ನೋಡ್ದಂಗೆ ನೋಡಿದ್ವಿ.

ಈಗ ಒಂದು ಫೋನು, ಒಂದು ಸ್ಟ್ಯಾಂಡು, ಮೈಕಿನ ಪೆಟ್ಟಿಗೆಯಿಂದ ಫೋನಿಗೆ ಒಂದು ವೈರು. ಆ ವೈರು ಹಾಕಿದ್ಮೇಲೇ ಮಾತು ಕೇಳ್ಸಕ್ಕೆ ಶುರುವಾಗಿದ್ದು. ಅದಕ್ಕೂ ಮೊದ್ಲು ಜುಲೈ ತಿಂಗಳಲ್ಲಿ ಹೆಂಚಿನ ಮೇಲೆ ಬೀಳೋ ಮಳೆ ಸದ್ದು ಬಿಟ್ರೆ ಇನ್ನೇನೂ ಇಲ್ಲ. ನಮ್ಮ ಮನೆ ಕಡೆ ಸಿಗ್ನಲ್ ಒಂದೋ ಎರಡೋ ಕಡ್ಡಿ. ಕ್ವಾಲಿಟಿ 240ಕ್ಕೆ ಇಳಿಸಿಟ್ರೆ ನಿಲ್ಲದೆ ಓಡುತ್ತೆ, ಇದು ಗೊತ್ತಿಲ್ಲದೇ ಇರೋರು ಮಾಡ್ಕೊಳಿ. ಮುಖ ಮಸುಕಾಗುತ್ತೆ, ಮಾತು ಸ್ಪಷ್ಟ ಇರುತ್ತೆ. ಕರೆಂಟ್ ಹೋಗಿ ಟವರಿನ ಬ್ಯಾಟರಿನೂ ಖಾಲಿಯಾದ್ರೆ ಅವತ್ತು ಪೂಜೆ ಇಲ್ಲ. ಅತ್ತೆ ಮೇಣದಬತ್ತಿ ಮುಂದೆ ಜಪಸರ ಮಾಡ್ತಾರೆ.

ಲೈವ್ ಬಂದಿದ್ರಿಂದ ಜನ ಚರ್ಚಿಗೆ ಬರೋದು ಕಡಿಮೆ ಆಯ್ತು ಅನ್ನೋರಿಗೆ ನಾನು ಕೇಳೋದು, ಬರದೇ ಇರೋರು ಯಾರು ಅಂತ ಒಂದ್ಸಲ ಎಣಿಸಿದೀರಾ? ನಮ್ಮ ಕಡೆ ಚರ್ಚು ಅಂದ್ರೆ ಪೇಟೆಯಲ್ಲಿದ್ದಂಗೆ ಎರಡು ಬೀದಿ ಆಚೆ ಇರೋದಲ್ಲ. ಹೆತ್ತೂರು, ಯಸಳೂರು ಕಡೆ ಎಸ್ಟೇಟಿನ ಲೈನ್ ಮನೆಗಳಲ್ಲಿ ಇರೋರು ಇದಾರೆ. ಆಲೂರಿನ ಆ ಕಡೆ ಮಗ್ಗೆ, ಪಾಳ್ಯದಲ್ಲಿ ಇದಾರೆ. ಬಸ್ಸು ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಆನೆದು ಬೇರೆ. ಫಾರೆಸ್ಟಿನವ್ರು ಇಂಥಾ ತೋಟದಲ್ಲಿ ಆನೆ ಅದೆ ಅಂತ ಫೋನಿಗೆ ಮೆಸೇಜ್ ಕಳಿಸ್ತಾರೆ, ರಸ್ತೆ ಬದಿ ಬೋರ್ಡಲ್ಲಿ ಕೆಂಪಕ್ಷರ ಓಡುತ್ತೆ. ಆ ಮೆಸೇಜ್ ಓದ್ಕೊಂಡೂ ಬೆಳಿಗ್ಗೆ ಮಂಜಲ್ಲಿ ಮಕ್ಕಳನ್ನ ಕೈಹಿಡ್ಕೊಂಡು ಬಾ ಅಂತ ಯಾವ ತಾಯಿಗೆ ಹೇಳ್ತೀರಾ? ನಾನೇ ಎರಡು ಸಲ ಅರ್ಧ ದಾರಿಯಿಂದ ವಾಪಸ್ ಓಡಿ ಬಂದಿದೀನಿ, ಒಂದ್ಸಲ ಚಪ್ಪಲಿ ಅಲ್ಲೇ ಬಿಟ್ಟು. ಡಿಸೆಂಬರಿಂದ ಫೆಬ್ರವರಿ ಹಣ್ಣು ಕುಯ್ಯೋ ಕಾಲ, ಭಾನುವಾರಾನೂ ಕೆಲ್ಸ ಇರುತ್ತೆ. ಕಣದಲ್ಲಿ ಕಾಫಿ ಹರವಿ ಮೋಡ ಆದ್ರೆ ಮುಚ್ಚೋಕೆ ಯಾರಾದ್ರೂ ಮನೇಲಿ ಇರ್ಲೇಬೇಕು. ಇವ್ರು ಲೈವ್ ಬರೋಕ್ಕಿಂತ ಮುಂಚೇನೂ ಬರ್ತಿರ್ಲಿಲ್ಲ. ಆಗ ಏನೂ ಇಲ್ದೇ ಇರ್ತಿದ್ರು, ಈಗ ಒಂದು ಮಾತಾದ್ರೂ ಕಿವಿಗೆ ಬೀಳುತ್ತೆ.

ಇನ್ನು ನಮ್ಮ ಹಾಸನಾಂಬೆನೇ ನೋಡಿ. ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಲ್ಲಿ ಬಾಗಿಲು ತೆರೆಯೋದು. ಟಿವಿಯವ್ರು ಬೆಳಗಾದ್ರೆ ಅಲ್ಲೇ ನಿಂತು ತೋರಿಸ್ತಾರೆ. ಟಿವೀಲಿ ನೋಡಿದ್ವಲ್ಲ ಸಾಕು ಅಂತ ಯಾರಾದ್ರೂ ಮನೇಲಿ ಕೂತ್ರಾ? ಪಕ್ಕದ ಮನೆ ಅಕ್ಕ ಟಿವೀಲಿ ಆ ಸಾಲು ನೋಡೇ ಹೊರಟಿದ್ದು. ಗಂಟೆಗಟ್ಲೆ ನಿಂತು ಕಾಲು ಬಾತು ಬಂದ್ರು, ಮುಂದಿನ ವರ್ಷನೂ ಹೋಗ್ತೀನಿ ಅಂತಾರೆ. ಮನಸ್ಸಿರೋರಿಗೆ ನೋಡಿದಷ್ಟೂ ಹೋಗ್ಬೇಕು ಅನ್ಸುತ್ತೆ.

ಹಂಗಂತ ಸೋಮಾರಿಗಳು ಇಲ್ವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ, ಯಾಕಂದ್ರೆ ಅದ್ರಲ್ಲಿ ನಾನೂ ಒಬ್ಳು. ಹೋದ ಆಗಸ್ಟಲ್ಲಿ ಮೂರು ಭಾನುವಾರ ಸತತ ಮಳೆ. ಅತ್ತೆನ ಒಬ್ರನ್ನೇ ಬಿಟ್ಟು ಹೋಗೋದು ಹೆಂಗೆ ಅನ್ನೋ ನೆಪ ಒಂದು ಸಿಕ್ತು. ನಮ್ಮನೆಯವ್ರು ನಾನು ಇರ್ತೀನಿ ನೀನು ಹೋಗು ಅಂದ್ರು, ಆದ್ರೂ ಹೋಗ್ಲಿಲ್ಲ. ಮೂರನೇ ಭಾನುವಾರ ಅಡುಗೆಮನೆ ಕಟ್ಟೆ ಮೇಲೆ ಇನ್ನೊಂದು ಫೋನಲ್ಲಿ ಪೂಜೆ ಹಾಕ್ಕೊಂಡು ಈಳಿಗೆ ಮಣೆ ಮೇಲೆ ಕೂತು ಬಂಗಡೆ ಮೀನು ಕ್ಲೀನ್ ಮಾಡ್ತಿದ್ದೆ. ಗಂಟೆ ಹೊಡೀತು. ಫಾದರ್ ಅಪ್ಪ ಎತ್ತಿ ಹಿಡಿಯೋ ಹೊತ್ತು ಅದು, ನಮಗೆ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ನನ್ನ ಕೈ ಮೀನಿನ ಹೊಟ್ಟೇಲಿ. ಕೈಮುಗಿಯಕ್ಕೂ ಆಗದೆ ಹಂಗೇ ಮೊಣಕೈ ಎತ್ಕೊಂಡು ಕೂತಿದ್ದೆ. ಅತ್ತೆ ಒಳಗಿಂದ, "ಮಂಡಿ ಊರಿದ್ಯೇನೇ?" ಅಂತ ಕೂಗಿದ್ರು. ಹ್ಞೂಂ ಅಂದೆ. ಮುಂದಿನ ವಾರದಿಂದ ಛತ್ರಿ ಹಿಡ್ಕೊಂಡು ಚರ್ಚಿಗೆ ಹೋಗ್ತಿದೀನಿ.

ಈ ತಕರಾರು ಹೊಸದೇನಲ್ಲ. ಹೋಗಕ್ಕಾಗದೇ ಇರೋರಿಗೆ ದೂರದಿಂದ ನೋಡಿದ್ರೂ ಸಮಾಧಾನ, ಹೋಗಕ್ಕಾಗೋರು ನೋಡಿದ್ರೆ ಅದು ಹೋದ ಲೆಕ್ಕ ಅಲ್ಲ ಅಂತ ಟಿವಿ ಬಂದ ಕಾಲದಿಂದಲೂ ನಮ್ಮಲ್ಲಿ ಹೇಳ್ತಾರೆ. ನಾನು ಪಿಯುಸಿ ಓದ್ತಿದ್ದಾಗ ಹಾಸ್ಟೆಲ್ಲಿನ ಸಿಸ್ಟರ್ ಒಬ್ರು ಅಸ್ಸಿಸಿಯ ಸಂತ ಕ್ಲಾರಳ ಕಥೆ ಹೇಳಿದ್ರು. ಕ್ಲಾರ ತೀರ್ಕೊಂಡಿದ್ದು 1253ರಲ್ಲಿ. ಕೊನೆಗಾಲದಲ್ಲಿ ಕ್ರಿಸ್ಮಸ್ ರಾತ್ರಿ ಹಾಸಿಗೆ ಬಿಟ್ಟು ಏಳಕ್ಕಾಗ್ದೆ, ಜೊತೆ ಇದ್ದ ಕನ್ಯಾಸ್ತ್ರೀಯರೆಲ್ಲ ಪೂಜೆಗೆ ಹೋಗಿ, ಒಬ್ಳೇ ಮಲಗಿದ್ಲಂತೆ. ದೂರದ ದೇವಾಲಯದಲ್ಲಿ ನಡೀತಿದ್ದ ಪೂಜೆ ಅವಳಿಗೆ ಅಲ್ಲೇ ಕಾಣಿಸ್ತು, ಹಾಡೂ ಕೇಳಿಸ್ತು ಅಂತ ಕಥೆ. ಅದನ್ನೇ ನೆಪ ಮಾಡ್ಕೊಂಡು ಹನ್ನೆರಡನೇ ಪಿಯುಸ್ ಅನ್ನೋ ಪೋಪ್ 1958ರಲ್ಲಿ ಅವಳನ್ನ ಟೆಲಿವಿಷನ್ನಿನ ಪಾಲಕ ಸಂತಳು ಅಂತ ಸಾರಿದ್ರು. ಏಳು ಶತಮಾನದ ಹಿಂದೆ ಸತ್ತೋಳು ಟಿವಿಗೆ ಪಾಲಕಿ! ಆಗ ನಕ್ಕಿದ್ವಿ. ಈಗ ಭಾನುವಾರ ಬೆಳಿಗ್ಗೆ ಸಕ್ಕರೆ ಡಬ್ಬಿ ಮುಂದೆ ಕೂತಿರೋ ಅತ್ತೆನ ನೋಡಿದಾಗೆಲ್ಲ ಆ ಕಥೆ ನೆನಪಾಗುತ್ತೆ. ಅತ್ತೆಗೂ ಹೇಳ್ದೆ. "ಅವ್ಳಿಗೆ ಸಿಗ್ನಲ್ ಬೇಕಿರ್ಲಿಲ್ಲ ಬಿಡು" ಅಂದ್ರು.

ಈಗ ನಂಗೆ ನಿಜವಾಗಿ ಬೇಜಾರಿರೋ ವಿಷಯಕ್ಕೆ ಬರ್ತೀನಿ. ನಮ್ಮ ದೊಡ್ಡ ಭಾವ 2024ರಲ್ಲಿ ತೀರ್ಕೊಂಡ್ರು. ಮಗ ಕುವೈತಲ್ಲಿ, ರಜ ಸಿಗ್ಲಿಲ್ಲ. ಸಿಕ್ಕಿದ್ರೂ ಮಂಗಳೂರಿಗೆ ವಿಮಾನ ಹಿಡಿದು ಶಿರಾಡಿ ಘಾಟ್ ಹತ್ತಿ ಬರೋಹೊತ್ತಿಗೆ ಎರಡು ದಿನ ಆಗ್ತಿತ್ತು. ಚರ್ಚಿನ ಹುಡುಗ್ರು ಪಾಪ ತಾವಾಗೇ ಬಂದು ಮನೆಯಿಂದ ಹಿಡ್ದು ಸಮಾಧಿವರೆಗೂ ಲೈವ್ ಹಾಕಿದ್ರು. ಆ ಹುಡ್ಗ ಅಲ್ಲಿ ಕೆಲಸದ ರೂಮಲ್ಲಿ ಕೂತು ಅಪ್ಪನ ಪೆಟ್ಟಿಗೆ ಇಳಿಸೋದನ್ನ ನೋಡ್ದ. ಒಂದು ಹಿಡಿ ಮಣ್ಣು ಹಾಕೋ ಹೊತ್ತಿಗೆ ಫೋನ್ ಮಾಡಿ, "ಚಿಕ್ಕಮ್ಮ, ನನ್ನ ಹೆಸರಲ್ಲಿ ನೀವು ಹಾಕಿ" ಅಂದ. ನಾನೇ ಹಾಕಿದೆ. ಆ ಲೈವ್ ಇಲ್ದೇ ಇದ್ದಿದ್ರೆ ಅವ್ನಿಗೆ ಆ ಗಳಿಗೆ ಗೊತ್ತೇ ಆಗ್ತಿರ್ಲಿಲ್ಲ. ಆ ಹುಡುಗ್ರ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ.

ಆದ್ರೆ ಲೈವ್ ಮುಗಿದ ಮೇಲೆ ಆ ವಿಡಿಯೋ ಚಾನೆಲಲ್ಲಿ ಹಂಗೇ ಉಳೀತು, ಲೋಕಕ್ಕೆಲ್ಲ ಕಾಣೋ ಹಂಗೆ. ತಾನಾಗೇ ಉಳಿಯುತ್ತಂತೆ ಅದು. ನಮಗೆ ಯಾರಿಗೆ ಗೊತ್ತು? ತಿಥಿಯೆಲ್ಲ ಮುಗ್ದು ಒಂದು ತಿಂಗಳಾದ ಮೇಲೆ ಓರಗಿತ್ತಿ ಬಾಳ್ಳುಪೇಟೆ ಸಂತೆಗೆ ಹೋಗಿದ್ದಾಗ ಪರಿಚಯ ಇಲ್ಲದ ಒಬ್ಬ ಹೆಂಗಸು, "ನೀವು ಆ ಪೆಟ್ಟಿಗೆ ಮೇಲೆ ಬಿದ್ದು ಅತ್ತವ್ರಲ್ವಾ" ಅಂತ ಕೇಳಿದ್ಲಂತೆ. ಯಾರೋ ಆ ಅಳೋದನ್ನಷ್ಟೇ ಕತ್ತರಿಸಿ, ಹಿಂದೆ ಒಂದು ಸಿನಿಮಾ ಹಾಡು ಸೇರ್ಸಿ, ಸ್ಟೇಟಸ್ಸಿಗೆ ಹಾಕ್ಕೊಂಡು ಊರೂರು ತಿರುಗಿತ್ತು. ಮೂಲ ವಿಡಿಯೋ ತೆಗೆದು ನೋಡಿದ್ರೆ ಮಧ್ಯದಲ್ಲಿ ಬಟ್ಟೆ ಸೋಪಿನ ಜಾಹೀರಾತು. ಚರ್ಚಿನವ್ರು ಹಾಕಿದ್ದಲ್ಲ ಅದು. ದುಡ್ಡು ಬರದೇ ಇರೋ ಸಣ್ಣ ಚಾನೆಲ್ಲಿಗೂ ತಾನೇ ಜಾಹೀರಾತು ಹಾಕ್ತೀನಿ ಅಂತ ಯೂಟ್ಯೂಬ್ 2020ರಲ್ಲೇ ನಿಯಮ ಮಾಡ್ಕೊಂಡಿದೆ. ಓರಗಿತ್ತಿ ಅವತ್ತಿಂದ ಸಂತೆ ಬಿಟ್ಲು. ಈಗ್ಲೂ ಅವಳ ತರಕಾರಿ ನಾನೇ ತರೋದು. ಸಬ್‌ಸ್ಕ್ರೈಬ್ ಒತ್ತಕ್ಕೆ ಫೋನ್ ಕೊಡ್ದೆ ಸೆರಗಲ್ಲಿ ಮುಚ್ಚಿಟ್ಕೊಂಡೋಳು ಇವಳೇ ನೋಡಿ. ಅವತ್ತು ನಾವೆಲ್ಲ ಅವಳನ್ನ ಆಡ್ಕೊಂಡು ನಕ್ಕಿದ್ವಿ.

ಅದಕ್ಕೆ ದಾರಿ ಇಲ್ವಾ ಅಂದ್ರೆ ಇದೆ, ಮಗಳು ತೋರ್ಸಿಕೊಟ್ಲು. ವಿಡಿಯೋ ಹಾಕೋವಾಗ್ಲೇ ಅನ್‌ಲಿಸ್ಟೆಡ್ ಅಂತ ಒಂದು ಆಯ್ಕೆ ಇರುತ್ತೆ. ಅದನ್ನ ಒತ್ತಿದ್ರೆ ಹುಡುಕೋರಿಗೆ ಸಿಗಲ್ಲ, ಚಾನೆಲ್ ತೆಗೆದ್ರೂ ಕಾಣಲ್ಲ, ಲಿಂಕ್ ಇದ್ದೋರು ಮಾತ್ರ ನೋಡ್ಬಹುದು. ಲಿಂಕ್ ಯಾರಾದ್ರೂ ಮುಂದೆ ದಾಟಿಸಿದ್ರೆ ಅವ್ರೂ ನೋಡ್ತಾರೆ, ಹಂಗಾಗಿ ಪೂರಾ ಭದ್ರ ಅಲ್ಲ, ಬಾಗಿಲಿಗೆ ಚಿಲಕ ಹಾಕ್ದಷ್ಟು. ಸಮಾಧಿ ಆದ ಮೇಲೆ ಒಂದು ವಾರ ಇಟ್ಟು, ಆ ಕುವೈತ್ ಹುಡುಗನಂಥೋರು ಇಳಿಸ್ಕೊಂಡ ಮೇಲೆ ಅಳಿಸಿಬಿಡ್ಬಹುದು. ಕೆಳಗೆ ಕಾಮೆಂಟ್ ಬರೆಯೋದನ್ನ ಮುಚ್ಚಿಡ್ಬಹುದು. ಇದಕ್ಕೆ ಕಾಸು ಖರ್ಚಿಲ್ಲ. ಸಭೇಲಿ ಡ್ರೋನ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ರು, ಈ ಒಂದು ಬಟನ್ ಬಗ್ಗೆ ಒಂದು ನಿಮಿಷ ಇಲ್ಲ. ಸಾವಿನ ಮನೆಗೆ ಕ್ಯಾಮೆರಾ ತರೋ ಮೊದ್ಲು ಆ ಮನೆ ಹೆಂಗಸನ್ನ ಕೇಳ್ಬೇಕು. ಗಂಡಸರನ್ನಲ್ಲ, ಹೆಂಗಸನ್ನ. ಅಳೋಳು ಅವಳು.

ಹಾಡಿಂದು ಇನ್ನೊಂದು ಸಣ್ಣ ಗೋಳು. ಗಾಯನ ವೃಂದದ ಹುಡುಗೀರು ಕೀಬೋರ್ಡ್ ನುಡಿಸೋ ಹುಡ್ಗ ಬರದೇ ಇದ್ದಾಗ ಯಾರದೋ ಸಿ.ಡಿ.ಯ ಹಾಡು ಹಾಕಿ ಅದರ ಮೇಲೆ ಹಾಡ್ತಾರೆ. ಆ ಕಂಪನಿಯವ್ರ ಹಾಡು ಅಂತ ಯೂಟ್ಯೂಬಿನ ಯಂತ್ರಕ್ಕೆ ತಾನೇ ಗೊತ್ತಾಗಿ ಹೋಗುತ್ತೆ, ಹಕ್ಕುಸ್ವಾಮ್ಯ ಅಂತ ನೋಟೀಸ್ ಬರುತ್ತೆ, ಒಮ್ಮೊಮ್ಮೆ ಲೈವೇ ನಿಲ್ಲುತ್ತೆ. ಬಾಯಲ್ಲಿ ಹಾಡ್ರಮ್ಮ, ಅಪಸ್ವರ ಆದ್ರೂ ಪರವಾಗಿಲ್ಲ, ಅತ್ತೆಗೆ ನಿಮ್ಮ ದನಿ ಗುರ್ತಿದೆ.

ಡ್ರೋನ್ ಅಂದಿದ್ದಕ್ಕೆ ಶೆಟ್ಟಿಹಳ್ಳಿ ನೆನಪಾಯ್ತು. ನಮ್ಮ ಜಿಲ್ಲೇಲಿ ಕ್ಯಾಮೆರಾಗೆ ಅತಿ ಹೆಚ್ಚು ಕಂಡಿರೋ ಚರ್ಚು ಯಾವ್ದು ಅಂದ್ರೆ ಅದೇ. 1860ರ ಸುಮಾರಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಜಪಮಾಲೆ ಮಾತೆಯ ಹೆಸರಿಂದು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ಮೇಲೆ ಊರು ಮುಳುಗ್ತು, ಜನ ಎದ್ದು ಬೇರೆ ಕಡೆ ಹೋದ್ರು, ಚರ್ಚು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೇಲಿ ಬರೀ ಕೆಸರು ನೆಲದಲ್ಲಿ. ಈಗ ಮದುವೆಗೆ ಮುಂಚಿನ ಫೋಟೋ ತೆಗೆಸೋರು, ರೀಲ್ಸ್ ಮಾಡೋರು, ಮೇಲಿಂದ ಡ್ರೋನ್ ಬಿಡೋರು. ಫೋನಲ್ಲಿ ಹುಡುಕಿ ನೋಡಿ, ಲೆಕ್ಕವಿಲ್ಲದಷ್ಟು ವಿಡಿಯೋ. ಅತ್ತೆ ಸಂಬಂಧಿಕರೊಬ್ರು ಆ ಕಡೆಯವ್ರು. ಅವ್ರ ಅಜ್ಜಿ ಆ ಊರು ಬಿಟ್ಟು ಬರೋವಾಗ ಚರ್ಚಿನ ಬಾಗಿಲ ಮುಂದಿನ ಮಣ್ಣು ಸೆರಗಲ್ಲಿ ಕಟ್ಕೊಂಡು ಬಂದಿದ್ರಂತೆ, ಮನೆಮಂದಿ ಹೇಳೋ ಮಾತು. ಅತ್ತೆಗೆ ಒಂದ್ಸಲ ಆ ಡ್ರೋನ್ ವಿಡಿಯೋ ತೋರ್ಸಿದೆ, ಖುಷಿಯಾಗುತ್ತೆ ಅಂತ. ನೋಡಿ, "ಚೆನ್ನಾಗದೆ. ಜನ ಎಲ್ಲೇ?" ಅಂದ್ರು.

ಅದೇ ಅವ್ರ ಯಾವಾಗ್ಲೂ ಇರೋ ಪ್ರಶ್ನೆ. ನಮ್ಮ ಲೈವಲ್ಲೂ ಮೊದ್ಲು ಕ್ಯಾಮೆರಾ ಮುಂದೆ ಇಟ್ಟಿದ್ರು, ಬರೀ ಪೀಠ, ಫಾದರು, ಹೂವಿನ ಕುಂಡ. ಅತ್ತೆ ತಕರಾರು. "ಸ್ವಾಮೇರ ಮುಖ ನಂಗೊತ್ತು, ನಮ್ಮ ಬೆಂಚಲ್ಲಿ ಯಾರು ಕೂತವ್ರೆ ತೋರ್ಸು ಅನ್ನು." ನಾನು ಹುಡುಗ್ರಿಗೆ ಹೇಳ್ದೆ, ಅವ್ರು ಜನರ ಮುಖ ತೋರಿಸಿದ್ರೆ ಬೈತಾರೆ ಅಂದ್ರು. ಅದೂ ನಿಜ. ನಿದ್ದೆ ತೂಗೋರು, ಮೂಗು ಒರೆಸ್ಕೊಳೋ ಮಕ್ಕಳು, ಎದೆಹಾಲು ಕೊಡೋ ತಾಯಂದಿರು, ಇವ್ರೆಲ್ಲ ಯೂಟ್ಯೂಬಲ್ಲಿ ಬರಕ್ಕೆ ಒಪ್ಪಿ ಬಂದವ್ರಲ್ಲ. ಕೊನೆಗೆ ಫೋನನ್ನ ತಗೊಂಡೋಗಿ ಹಿಂದೆ ಅಟ್ಟದ ಮೇಲೆ, ಹಾಡೋರ ಪಕ್ಕ ಇಟ್ರು. ಈಗ ಮುಂದೆ ಚಿಕ್ಕದಾಗಿ ಪೀಠ, ಈಚೆಗೆಲ್ಲ ಜನರ ಬೆನ್ನು. ಬೆನ್ನು ನೋಡಿದ್ರೆ ಹೊರಗಿನವ್ರಿಗೆ ಏನೂ ಗೊತ್ತಾಗಲ್ಲ. ನಮ್ಮತ್ತೆಗೆ ಎಲ್ಲ ಗೊತ್ತಾಗುತ್ತೆ. "ಅದು ರೈಟರ ಹೆಂಡ್ತಿ, ಅದೇ ಹಸಿರು ಸೀರೆ. ಆ ಕುಂಟೋದು ನೋಡು, ಮಂಡಿ ನೋವು ಇನ್ನೂ ಹೋಗಿಲ್ಲ ಅವ್ಳಿಗೆ. ಆ ಹುಡ್ಗಿ ಬಸ್ರಿ ಅಲ್ವೇನೇ?" ಬಸ್ರಿ ಅನ್ನೋದು ಅವ್ಳ ಅಮ್ಮಂಗೇ ಇನ್ನೂ ಗೊತ್ತಿರ್ಲಿಲ್ಲ. ಪೂಜೆ ಹೊತ್ತಲ್ಲಿ ಈ ಮಾತೆಲ್ಲ ಆಡ್ಬಾರ್ದು, ಗೊತ್ತು. ಆದ್ರೆ ಚರ್ಚಲ್ಲಿ ಕೂತಾಗ್ಲೂ ಅವ್ರು ಇದೇ ಮಾಡ್ತಿದ್ದಿದ್ದು.

ಇಷ್ಟೆಲ್ಲ ಹೇಳಿದ್ಮೇಲೂ ನಂಗೆ ಸಭೇಲಿ ಎದ್ದು ನಿಂತು ಹೇಳ್ಬೇಕು ಅನ್ಸಿದ್ದು ಇದ್ಯಾವ್ದೂ ಅಲ್ಲ. ಲೈವ್ ಬರೋಕ್ಕಿಂತ ಮುಂಚೆ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವ್ರ ಮನೆಗೆ ಫಾದರೋ ಸಿಸ್ಟರೋ ಪರಮಪ್ರಸಾದ ತರ್ತಿದ್ರು. ಅದು ನಮ್ಮಲ್ಲಿ ಹಳೇ ಪದ್ಧತಿ. ನಮ್ಮ ಮಾವ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಒಂದು ತಿಂಗಳೂ ತಪ್ಪಿರ್ಲಿಲ್ಲ, ಆಗ ಇದ್ದ ಫಾದರ್ ಬೈಕಲ್ಲಿ ಮಳೆ ಕೋಟು ಹಾಕ್ಕೊಂಡು ಬರ್ತಿದ್ರು. ಬಂದು ಹತ್ತು ನಿಮಿಷ ಕೂತು, ಕಾಫಿ ರೇಟು, ಆನೆ, ಮಕ್ಕಳ ಓದು ಎಲ್ಲ ಮಾತಾಡಿ, ಅಕ್ಕಿರೊಟ್ಟಿ ತಿಂದು ಹೋಗೋರು. ಅತ್ತೆ ಬಿದ್ದ ಮೇಲೆ ಮೊದಲ ಎರಡು ತಿಂಗಳು ಬಂದ್ರು. ಆಮೇಲೆ ಇಲ್ಲ. ಒಂದಿನ ಚರ್ಚಲ್ಲಿ ಕೇಳಿದ್ದಕ್ಕೆ, "ಅಜ್ಜಿ ಹೇಗೂ ಲೈವ್ ನೋಡ್ತಾರಂತಲ್ಲ, ಒಳ್ಳೇದಾಯ್ತು" ಅನ್ನೋ ಉತ್ತರ ಬಂತು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಕೆಲ್ಸ ಜಾಸ್ತಿ, ಊರು ದೂರ, ದಾರಿ ಕೆಟ್ಟದು, ಎಲ್ಲ ಗೊತ್ತು. ಆದ್ರೆ ಫೋನಲ್ಲಿ ಫಾದರ್ ಅಪ್ಪ ಎತ್ತಿ ತೋರಿಸ್ಬಹುದು, ನಾಲಿಗೆ ಮೇಲೆ ಇಡಕ್ಕಾಗಲ್ವಲ್ಲ. ಎಲ್ರೂ ಸಾಲಲ್ಲಿ ಹೋಗಿ ತಗೊಳೋ ಹೊತ್ತಲ್ಲಿ ಅತ್ತೆ ಕಣ್ಣು ಮುಚ್ಕೊಂಡು ಮನಸಲ್ಲೇ ಬೇಡ್ಕೊಳ್ತಾರೆ, ಆ ಪ್ರಾರ್ಥನೆ ಅವ್ರಿಗೆ ಬಾಯಿಪಾಠ. ಆ ಐದು ನಿಮಿಷ ನಾನು ಕೋಣೆಯಿಂದ ಆಚೆ ಬಂದ್ಬಿಡ್ತೀನಿ, ನೋಡಕ್ಕಾಗಲ್ಲ.

ಸಭೇಲಿ ಹಿರಿಯರು ಹೇಳಿದ್ರಲ್ಲ, ಲೈವಿಂದ ಜನ ಸೋಮಾರಿಗಳಾದ್ರು ಅಂತ. ಜನ ಮಾತ್ರಾನಾ? ಹೋಗಿ ನೋಡ್ಬೇಕಾದವ್ರು ಹೋಗದೇ ಇರೋಕೆ ಲೈವ್ ಒಂದು ಕಾರಣ ಆಗಿದೆ. ಫಾದರ್ ಒಬ್ರನ್ನೇ ಅಂತ ಅಲ್ಲ. ಮೊದ್ಲು ಪೂಜೆ ಮುಗಿಸ್ಕೊಂಡು ಹೋಗೋರು ದಾರೀಲಿ ನಮ್ಮನೆಗೆ ಬಂದು ಅತ್ತೆ ಜೊತೆ ಎರಡು ಮಾತಾಡಿ ಹೋಗ್ತಿದ್ರು, ಇವತ್ತು ಪ್ರಬೋಧನೆ ಏನಾಯ್ತು, ಯಾರ ಮದುವೆ ಕೂಗಿದ್ರು ಅಂತ. ಈಗ ಗೇಟಿನ ಹತ್ರ ನಿಂತು, "ಅಜ್ಜಿ ನೋಡಿದ್ರಲ್ಲ ಲೈವ್?" ಅಂತ ಕೂಗಿ ಹೋಗ್ತಾರೆ. ನಾನೂ ಹಂಗೇ ಮಾಡಿದೀನಿ. ಮೂರು ಮನೆ ಆಚೆ ಪಾರ್ಶ್ವವಾಯು ಆಗಿ ಮಲಗಿರೋ ಒಬ್ರಿದಾರೆ, ಅವ್ರ ಮಗಳಿಗೆ ಲಿಂಕ್ ಕಳಿಸ್ತೀನಿ ವಾರವಾರಾನೂ. ಹೋಗಿ ನೋಡಿ ನಾಲ್ಕು ತಿಂಗಳಾಗಿತ್ತು.

ಹಂಗಾಗಿ ನನ್ನ ಮಾತು ಇಷ್ಟು. ಲೈವ್ ನಿಲ್ಸಬ್ಯಾಡಿ. ಒಂದು ಫೋನು, ಆ ಅಟ್ಟದ ಮೇಲಿನ ಜಾಗ, ಆ ವೈರು, ಇಷ್ಟು ಸಾಕು. ಡ್ರೋನಿಗೆ ಅಂತ ಎತ್ತೋ ದುಡ್ಡಲ್ಲಿ ತಿಂಗಳಿಗೊಂದಿನ ಒಂದು ಜೀಪು ಬಾಡಿಗೆಗೆ ತಗೊಳಿ, ಮಲಗಿರೋರ ಮನೆಗೆಲ್ಲ ಸಿಸ್ಟರನ್ನ ಕರ್ಕೊಂಡು ಹೋಗಿ.

ಸಭೇಲಿ ಹೇಳ್ಲಿಲ್ಲ, ಆದ್ರೆ ಅದಾಗಿ ಹತ್ತು ದಿನಕ್ಕೆ ಸಿಸ್ಟರ್ ಹತ್ರ ಹೋಗಿ ಒಬ್ಳೇ ಹೇಳ್ದೆ. ಅವ್ರು ಸುಮ್ನೆ ಕೇಳಿ, "ಪಟ್ಟಿ ಮಾಡ್ಕೊಂಡು ಬನ್ನಿ, ದಾರಿ ಗೊತ್ತಿರೋರು ಒಬ್ರು ಜೊತೇಲಿ ಬೇಕು" ಅಂದ್ರು. ಈ ತಿಂಗಳ ಮೊದಲ ಶುಕ್ರವಾರ ನಮ್ಮನೆಗೆ ಬಂದ್ರು. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ರು. ಸಿಸ್ಟರ್ ಒಳಗೆ ಬಂದ ತಕ್ಷಣ ಅಭ್ಯಾಸಬಲಕ್ಕೆ ಮಗಳು ಫೋಟೋ ತೆಗೆಯಕ್ಕೆ ಫೋನ್ ಎತ್ತಿದ್ಲು. ಅತ್ತೆ, "ಅದನ್ನ ಅತ್ಲಾಗಿಡು" ಅಂದ್ರು. ಆ ಪಾರ್ಶ್ವವಾಯು ಆದವ್ರ ಮನೆಗೂ ಹೋದ್ವಿ, ನಾನೂ ಜೊತೆಗೆ. ಅವ್ರಿಗೆ ಮಾತು ಬರಲ್ಲ, ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ.

ಪಟ್ಟೀಲಿ ಈಗ ಒಂಬತ್ತು ಮನೆ ಆಗಿದೆ. ಹಾನುಬಾಳು ಕಡೆದು ಎರಡು, ಉಳಿದಿದ್ದೆಲ್ಲ ನಮ್ಮ ಸುತ್ತಮುತ್ತ. ನಿಮ್ಮನೇಲೋ ನಿಮ್ಮ ಪಕ್ಕದಲ್ಲೋ ಎದ್ದು ಬರಕ್ಕಾಗದೇ ಇರೋರು ಇದ್ರೆ ನಂಗೆ ತಿಳಿಸಿ. ನಮ್ಮವ್ರೇ ಆಗ್ಬೇಕು ಅಂತಿಲ್ಲ, ಸಿಸ್ಟರ್ ಎಲ್ಲಾರ ಮನೆಗೂ ಬಂದು ಕೂತು ಮಾತಾಡಿಸ್ತಾರೆ. ಆನೆ ಓಡಾಡೋ ಕಡೆಯವ್ರು ಬೆಳಿಗ್ಗೆ ಒಂಬತ್ತರ ಮೇಲೆ ಅಂತ ಬರ್ಕೊಂಡಿದೀನಿ. ಜೀಪಿಗೆ ಇನ್ನೂ ಯಾರೂ ಒಪ್ಪಿಲ್ಲ, ಸದ್ಯಕ್ಕೆ ನಮ್ಮನೆಯವ್ರ ಸ್ಕೂಟರು.